ಮೆರವಣಿಗೆಗೆ ಹೊರಟ ಪುಟ್ಟ ಪಡೆ

ಕನಕಪುರ ರಸ್ತೆಯ ಕೋಣನಕುಂಟೆಯನ್ನು ಬೆಂಗಳೂರಿನ ಬಹುಪಾಲು ಜನ ಈಗ ಮೆಟ್ರೋ ನಿಲ್ದಾಣದ ಹೆಸರಿನಿಂದಲೇ ಬಲ್ಲರು. 2021ರ ಜನವರಿಯಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯನ್ನು ದಾಟಿ ರೇಷ್ಮೆ ಸಂಸ್ಥೆಯವರೆಗೆ ಬೆಳೆದಾಗ ಕೋಣನಕುಂಟೆ ಕ್ರಾಸ್‌ನಲ್ಲೂ ರೈಲು ನಿಲ್ಲತೊಡಗಿತು. ಹೆದ್ದಾರಿಯ ಬದಿಗೆ ಬಹುಮಹಡಿ ವಸತಿಗಳು, ಒಳಗೆ ಸರಿದರೆ ಹಳೆಯ ಹಳ್ಳಿಯ ಓಣಿಗಳು, ಇವೆರಡರ ನಡುವೆ ನಾಡಿನ ನಾನಾ ಕಡೆಗಳಿಂದ ಬಂದು ನೆಲೆಸಿದವರ ಮನೆಗಳು. ನವರಾತ್ರಿ ಹತ್ತಿರವಾದಾಗ ದಕ್ಷಿಣ ಬೆಂಗಳೂರಿನ ಇಂಥ ಬಡಾವಣೆಗಳಲ್ಲಿ ಗೊಂಬೆ ಕೂರಿಸುವ ಮನೆಗಳ ಅಟ್ಟದಿಂದ ಟ್ರಂಕುಗಳು ಕೆಳಗಿಳಿಯುತ್ತವೆ. ಹಳೆಯ ಪಂಚೆಯ ತುಂಡಿನಲ್ಲೋ ಪತ್ರಿಕೆಯ ಹಾಳೆಯಲ್ಲೋ ಸುತ್ತಿಟ್ಟ ಗೊಂಬೆಗಳು ಹೊರಬರುತ್ತವೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅದರ ಕೆಳಗೆ ದಶಾವತಾರ, ಇನ್ನೂ ಕೆಳಗೆ ಜಂಬೂ ಸವಾರಿಯ ಸೆಟ್: ಅಂಬಾರಿ ಹೊತ್ತ ಆನೆ, ಕುದುರೆ ಸವಾರರು, ಈಟಿ ಹಿಡಿದ ಕಾಲಾಳುಗಳು, ಬ್ಯಾಂಡಿನವರು. ಆಟಿಕೆ ಸೈನಿಕರನ್ನು ಕೂಡಿಡುವ ಹವ್ಯಾಸ ಎಂದೊಡನೆ ನಮಗೆ ಯುರೋಪಿನ ಸೀಸದ ಸಿಪಾಯಿಗಳು ನೆನಪಾಗುತ್ತಾರೆ. ಆದರೆ ನಮ್ಮಲ್ಲೂ ಆ ಸಂಗ್ರಹ ವರ್ಷಕ್ಕೊಮ್ಮೆ ಎಲ್ಲರ ಕಣ್ಣೆದುರಿಗೆ ಬಂದು ನಿಲ್ಲುತ್ತದೆ. ಅದನ್ನು ಸಂಗ್ರಹವೆಂದು ನಾವು ಗುರುತಿಸಿಲ್ಲ, ಅಷ್ಟೇ. ಈ ಪುಟ್ಟ ಪಡೆಯನ್ನು ಕಾಪಾಡುವುದು ನೆನಪನ್ನು ಉಳಿಸುವ ಕೆಲಸ; ಅದರ ಹೆಸರನ್ನೂ ಮೂಲವನ್ನೂ ಬರೆದಿಡದಿದ್ದರೆ ಆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ನನ್ನ ವಾದ. ಕೋಣನಕುಂಟೆಯಿಂದ ಬೇಗೂರು, ಕಸ್ತೂರಬಾ ರಸ್ತೆ, ಚನ್ನಪಟ್ಟಣ, ಶ್ರೀರಂಗಪಟ್ಟಣಗಳನ್ನು ಹಾದು ಮೈಸೂರು ಮುಟ್ಟುವ ದಾರಿಯುದ್ದಕ್ಕೂ ಇದಕ್ಕೆ ಸಾಕ್ಷ್ಯ ಸಿಗುತ್ತದೆ.

ಕೋಣನಕುಂಟೆಯಿಂದ ಪೂರ್ವಕ್ಕೆ ಹೊರಟು, ಬನ್ನೇರುಘಟ್ಟ ರಸ್ತೆಯನ್ನು ದಾಟಿ, ಹುಳಿಮಾವಿನ ಮೇಲೆ ಸಾಗಿದರೆ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ಬೇಗೂರು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಕ್ರಿ.ಶ. 890ರ ಸುಮಾರಿನ ಶಾಸನವೊಂದು ಬೆಂಗುಳೂರಿನ ಕಾಳಗವನ್ನು ಹೇಳುತ್ತದೆ. ಬೆಂಗಳೂರಿನ ಹೆಸರು ನಮಗೆ ಮೊದಲು ಸಿಗುವುದೇ ಹೀಗೆ, ಒಂದು ಕಾಳಗದಲ್ಲಿ ಸತ್ತವರ ಲೆಕ್ಕದೊಳಗೆ. ಗಂಗರ ಕಾಲದಲ್ಲಿ ಈ ಸೀಮೆಯನ್ನು ಆಳಿದ ನಾಗತ್ತರ ಮುಂದೆ ತುಂಬೆಪಾಡಿಯ ಯುದ್ಧದಲ್ಲಿ ಮಡಿದ. ಅವನ ನೆನಪಿಗೆ ನಿಂತ ದೊಡ್ಡ ವೀರಗಲ್ಲು ಬೇಗೂರಿನಿಂದ ಸಾಗಿ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ. ಆ ಕಲ್ಲಿನಲ್ಲಿ ಗೇಣುದ್ದಕ್ಕೂ ಕಡಿಮೆ ಎತ್ತರದ ಸೈನಿಕರು ಒತ್ತೊತ್ತಾಗಿ ನಿಂತಿದ್ದಾರೆ: ಆನೆಯ ಮೇಲಿನವರು, ಕುದುರೆಯ ಮೇಲಿನವರು, ಬಿಲ್ಲು ಕತ್ತಿ ಹಿಡಿದ ಕಾಲಾಳುಗಳು. ನಮ್ಮ ವೀರಗಲ್ಲುಗಳ ಸಾಮಾನ್ಯ ರಚನೆ ಎಲ್ಲರಿಗೂ ಗೊತ್ತಿರುವುದೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ. ಶಿಲ್ಪಿಗೆ ಇಲ್ಲಿ ಯುದ್ಧ ಮೊದಲ ಮೆಟ್ಟಿಲು ಮಾತ್ರ. ಕಣ್ಣು ಏರಬೇಕಾದದ್ದು ಅದರಾಚೆಗೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಬರಹವಿರುವ ವೀರಗಲ್ಲು ಹೆಸರು ಹೇಳುತ್ತದೆ. ಯಾರು ಸತ್ತ, ಯಾರ ಪರವಾಗಿ ಹೋರಾಡಿ ಸತ್ತ, ಅವನ ಮನೆಯವರಿಗೆ ಯಾವ ಭೂಮಿ ಸಿಕ್ಕಿತು ಎಂಬುದನ್ನು ಕೆತ್ತಿಸಿದವರು ಮರೆಯಲಿಲ್ಲ. ಪುಟ್ಟ ಸೈನಿಕನನ್ನು ರೂಪಿಸುವುದೂ ಅವನ ವಿವರವನ್ನು ಬರೆದಿಡುವುದೂ ಸಾವಿರ ವರ್ಷದ ಹಿಂದೆ ಈ ನೆಲದಲ್ಲಿ ಒಂದೇ ಕೆಲಸವಾಗಿದ್ದವು.

ಸಣ್ಣ ಸೈನಿಕನನ್ನು ಮಾಡುವ ಆಸೆ ಯಾವ ಒಂದು ದೇಶದ ಸ್ವತ್ತೂ ಅಲ್ಲ. ಈಜಿಪ್ಟಿನ ಅಸ್ಯೂತ್‌ನಲ್ಲಿ ಮೆಸೆಹ್ತಿ ಎಂಬ ಅಧಿಕಾರಿಯ ಸಮಾಧಿಯೊಳಗೆ ಸುಮಾರು 4000 ವರ್ಷ ಹಳೆಯ ಎರಡು ಮರದ ಪಡೆಗಳು ಸಿಕ್ಕವು. ಒಂದರಲ್ಲಿ 40 ಈಜಿಪ್ಟಿನ ಈಟಿಗಾರರು, ಇನ್ನೊಂದರಲ್ಲಿ 40 ನೂಬಿಯಾದ ಬಿಲ್ಲುಗಾರರು. ಅವರು ಸತ್ತವನ ಜೊತೆ ಹೋಗಬೇಕಾಗಿದ್ದ ಕಾವಲು. ಅಂಥ ಪಡೆ ಮಕ್ಕಳ ಕೈಗೆ ಅಗ್ಗದ ಸರಕಾಗಿ ಬರಲು ಬಹಳ ಕಾಲ ಹಿಡಿಯಿತು. 18ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ ಹಿಲ್ಪರ್ಟ್ ಮನೆತನದವರು ತವರವನ್ನು ಎರಕ ಹೊಯ್ದು ಚಪ್ಪಟೆ ಸೈನಿಕರನ್ನು ಮಾಡಿ ಬಣ್ಣ ಬಳಿದು ಮಾರತೊಡಗಿದರು. ಅದೇ ಊರಿನಲ್ಲಿ 1839ರಲ್ಲಿ ಎರ್ನ್ಸ್ಟ್ ಹೈನ್ರಿಕ್ಸನ್ ಹಾಕಿದ ಕಾರ್ಖಾನೆ ಇದನ್ನು ದೊಡ್ಡ ಉದ್ಯಮವನ್ನಾಗಿ ಬೆಳೆಸಿತು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಟೊಳ್ಳು ಎರಕದ ವಿಧಾನವನ್ನು ತಂದ. ಕರಗಿದ ಸೀಸದ ಮಿಶ್ರಣವನ್ನು ಅಚ್ಚಿಗೆ ಸುರಿದು, ಗೋಡೆಗೆ ಅಂಟಿದ ಪದರ ಗಟ್ಟಿಯಾಗುತ್ತಲೇ ಒಳಗಿನ ದ್ರವವನ್ನು ಹೊರಚೆಲ್ಲುವುದು ಆ ವಿಧಾನ. ಲೋಹ ಉಳಿಯಿತು, ತೂಕ ಇಳಿಯಿತು, ಬೆಲೆ ತಗ್ಗಿತು. ಆ ಕಂಪನಿಯ 54 ಮಿಲಿಮೀಟರ್ ಎತ್ತರವೇ ಮುಂದೆ ಸಂಗ್ರಾಹಕರ ಸಾಮಾನ್ಯ ಅಳತೆಯಾಯಿತು. 1935ರಲ್ಲಿ ಬ್ರಿಟನ್ನಿನಲ್ಲಿ ಇಂಥ ಸಂಗ್ರಾಹಕರ ಸಂಘವೇ ಹುಟ್ಟಿತು. ಸೀಸದ ವಿಷದ ಬಗ್ಗೆ ಎಚ್ಚರ ಮೂಡಿ 1966ರಲ್ಲಿ ಬ್ರಿಟನ್ಸ್ ಕಂಪನಿ ಸೀಸದ ಸೈನಿಕರನ್ನು ಕೈಬಿಟ್ಟಿತು, ಆಟಿಕೆಯ ಜಾಗವನ್ನು ಪ್ಲಾಸ್ಟಿಕ್ ಹಿಡಿಯಿತು. ಆಟ ಮುಗಿದ ಮೇಲೂ ಸಂಗ್ರಹ ಮುಗಿಯಲಿಲ್ಲ. ಜರ್ಮನಿಯ ಕುಲ್ಮ್‌ಬಾಖ್‌ನ ಪ್ಲಾಸೆನ್‌ಬರ್ಗ್ ಕೋಟೆಯಲ್ಲಿ ಇಂದು ತವರದ ಗೊಂಬೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವಿದೆ.

ಬ್ರಿಟನ್ಸ್ ಕಂಪನಿ ಮಾರುತ್ತಿದ್ದ ಸೈನಿಕರ ಪೆಟ್ಟಿಗೆಗಳಲ್ಲಿ ನಮ್ಮವರೂ ಇದ್ದರು. ಸ್ಕಿನ್ನರ್ಸ್ ಹಾರ್ಸ್, ಬೆಂಗಾಲ್ ಲ್ಯಾನ್ಸರ್ಸ್, ಮದ್ರಾಸಿನ ಕಾಲಾಳುಪಡೆ ಎಂಬ ಚೀಟಿ ಹೊತ್ತ ರುಮಾಲಿನ ಸವಾರರು, ಸಿಪಾಯಿಗಳು ಲಂಡನ್ನಿನ ಮಕ್ಕಳ ಕೋಣೆಗಳಲ್ಲಿ ಸಾಲುಗಟ್ಟಿ ನಿಂತರು. ಪೆಟ್ಟಿಗೆಯ ಮೇಲೆ ರೆಜಿಮೆಂಟಿನ ಹೆಸರಿತ್ತು, ಸವಾರನಿಗೆ ಹೆಸರಿರಲಿಲ್ಲ. ಸೀಸದ ಸವಾರನಿಗೆ ಎದುರಾಗಿ ನಿಜವಾದ ಸವಾರನನ್ನು ನೆನೆಯಲು ಬೆಂಗಳೂರಿನಲ್ಲೇ ಒಂದು ತಾಣವಿದೆ. ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆಗೂಡಿ ಹೈಫಾ ನಗರವನ್ನು ಗೆದ್ದ ಪಡೆ ಇದೇ. ಜೋಧಪುರದವರು ಊರಿನ ಕಡೆಗೆ ನುಗ್ಗಿದಾಗ ಮೈಸೂರಿನವರು ಕಾರ್ಮೆಲ್ ಬೆಟ್ಟವೇರಿ ತುರ್ಕರ ಕಡೆಯ ಫಿರಂಗಿಗಳ ಮೇಲೆ ಎರಗಿದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂರು ಕಂಚಿನ ಯೋಧರು ಹೈದರಾಬಾದು, ಜೋಧಪುರ, ಮೈಸೂರು ಸಂಸ್ಥಾನಗಳ ಸವಾರರನ್ನು ಪ್ರತಿನಿಧಿಸುತ್ತಾರೆ. ಆ ಸವಾರರ ಪರಂಪರೆ ಸ್ವತಂತ್ರ ಭಾರತದಲ್ಲಿ 61ನೆಯ ಅಶ್ವದಳದೊಳಗೆ ಸೇರಿತು. ದಸರೆಯ ಮೆಟ್ಟಿಲಿನಲ್ಲಿ ಈಟಿ ಹಿಡಿದು ಕುದುರೆಯ ಮೇಲೆ ಕೂತ ಮಣ್ಣಿನ ಗೊಂಬೆಯನ್ನು ನೋಡುವ ಮಗುವಿಗೆ ಹೈಫಾದ ಕಥೆಯನ್ನು ಹೇಳಿದರೆ, ಆ ಗೊಂಬೆ ಅಲಂಕಾರದ ವಸ್ತುವಾಗಿ ಮಾತ್ರ ಉಳಿಯುವುದಿಲ್ಲ. ಹೇಳದಿದ್ದರೆ ಲಂಡನ್ನಿನ ಪೆಟ್ಟಿಗೆಯ ಸವಾರನಿಗೂ ಅವನಿಗೂ ವ್ಯತ್ಯಾಸವಿಲ್ಲ.

ಮೈಸೂರಿನ ಕಡೆಗೆ ಹೊರಡುವವರು ಕೋಣನಕುಂಟೆಯಿಂದ ಕನಕಪುರ ರಸ್ತೆಯಲ್ಲೇ ದಕ್ಷಿಣಕ್ಕೆ ಹೋಗಿ ನೈಸ್ ರಸ್ತೆಯನ್ನು ಹಿಡಿದು ಮೈಸೂರು ರಸ್ತೆಯನ್ನು ಸೇರಬಹುದು. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಹತ್ತು ಪಥಗಳ ಹೆದ್ದಾರಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಮುಂದೋಡುತ್ತದೆ. ಸಮಯ ಉಳಿಯುತ್ತದೆ ನಿಜ, ಹಳೆಯ ರಸ್ತೆಯ ಬದಿಯ ಗೊಂಬೆ ಅಂಗಡಿಗಳು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಈ ವಿಷಯದಲ್ಲಿ ಆಸಕ್ತಿ ಇರುವವರು ಹಳೆಯ ರಸ್ತೆಯಲ್ಲೇ ಹೋಗಬೇಕು. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಆಲೆ ಮರವನ್ನು ಒಣಗಿಸಿ, ಕೊಯ್ದು, ಲೇತ್‌ಗೆ ಕೊಟ್ಟು ಉಳಿಯಿಂದ ಆಕಾರ ಕೊಡುತ್ತಾರೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮೈಗೆ ಹತ್ತುತ್ತದೆ. ಆಮೇಲೆ ಗರಿಯಿಂದ ತಿಕ್ಕಿ ಹೊಳಪು ತರುತ್ತಾರೆ. ತಿರುಗುವ ಯಂತ್ರದಲ್ಲಿ ಹುಟ್ಟಿದ್ದರಿಂದ ಇಲ್ಲಿಯ ಮನುಷ್ಯಾಕೃತಿಗಳೆಲ್ಲ ದುಂಡು: ಉರುಟು ತಲೆ, ಕೊಳವೆಯಂಥ ಮೈ, ಬಣ್ಣದ ಪಟ್ಟಿಯೇ ಉಡುಪು. ಈ ರೀತಿಯಲ್ಲಿ ಮಾಡಿದ ಕಾವಲಿನವನ ಮೈಯಿಂದ ಚೂಪಾದ ಕತ್ತಿ ಹೊರಚಾಚಲಾರದು; ಪುಟ್ಟ ಮಗು ಬಾಯಿಗಿಟ್ಟರೂ ಚುಚ್ಚದಂಥ ಸೈನಿಕ ಅವನು. ನ್ಯೂರೆಂಬರ್ಗ್‌ನ ಚಪ್ಪಟೆ ತವರದವನಿಗೂ ಇವನಿಗೂ ಇರುವ ಅಂತರ ಉಪಕರಣದಿಂದ, ಮರದ ಗುಣದಿಂದ ಬಂದದ್ದು. ಭೌಗೋಳಿಕ ಸೂಚಕದ ಮಾನ್ಯತೆ ಈ ಊರಿನ ಹೆಸರನ್ನು ಕಾಪಾಡಿದೆ. ಆದರೆ ಒಂದು ಗೊಂಬೆಯನ್ನು ಮಾಡಿದ ಕೈ ಯಾರದ್ದು ಎಂಬುದು ಆ ಗೊಂಬೆಯ ಮೇಲೆ ಸಾಮಾನ್ಯವಾಗಿ ಇರುವುದಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗಳ ವಿಷಯದಲ್ಲೂ, ಗೋಕಾಕದ ಗೊಂಬೆಗಳ ವಿಷಯದಲ್ಲೂ ಮಾತು ಇದೇ.

ಶ್ರೀರಂಗಪಟ್ಟಣದಲ್ಲಿ ನೋಡಬೇಕಾದ ಅತಿ ಪ್ರಸಿದ್ಧ ಆಟಿಕೆ ಸೈನಿಕ ಈಗ ಅಲ್ಲಿಲ್ಲ. ಟಿಪ್ಪು ಸುಲ್ತಾನನಿಗಾಗಿ ಮಾಡಿದ ಮರದ ಹುಲಿ ಕೆಂಪು ಕೋಟಿನ ಯುರೋಪಿಯನ್ನನ ಮೇಲೆ ಬಿದ್ದು ಕುತ್ತಿಗೆಗೆ ಬಾಯಿ ಹಾಕಿದೆ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿ, ಕೊಳವೆಗಳಿಂದ ಹುಲಿಯ ಗುರುಗುಟ್ಟುವಿಕೆ ಮತ್ತು ಬಿದ್ದವನ ನರಳಾಟ ಕೇಳುತ್ತವೆ, ಅವನ ಕೈ ಮೇಲೆ ಕೆಳಗೆ ಆಡುತ್ತದೆ. 1799ರಲ್ಲಿ ಕೋಟೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯವರು ಅದನ್ನು ಲಂಡನ್ನಿಗೆ ಸಾಗಿಸಿದರು. ಈಗ ಅದು ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಇದನ್ನು ದ್ವೇಷದ ಆಟಿಕೆ ಎನ್ನುವವರಿದ್ದಾರೆ. ದ್ವೇಷ ಅದರಲ್ಲಿ ಇಲ್ಲ ಎನ್ನಲಾಗದು. ಆದರೂ ಆಂಗ್ಲರೊಡನೆ ಸತತವಾಗಿ ಕಾದಾಡಿದ ಒಂದು ರಾಜ್ಯದ ಮನಸ್ಸನ್ನು ಕಾಗದದ ದಾಖಲೆಗಿಂತ ನೇರವಾಗಿ ತೋರಿಸುವ ವಸ್ತು ಅದು. ಅದು ಉಳಿದದ್ದಕ್ಕೆ, ಅದರ ಬಗ್ಗೆ ಇಷ್ಟು ತಿಳಿದದ್ದಕ್ಕೆ ಕಾರಣ ಒಂದೇ: ಎಲ್ಲಿಂದ ಬಂತು, ಯಾವಾಗ ಬಂತು, ಯಾರದಾಗಿತ್ತು ಎಂಬುದನ್ನು ಅದರ ಜೊತೆಗೇ ಬರೆದಿಡಲಾಯಿತು. ಲೂಟಿಯ ವಸ್ತುವಿಗೆ ಸಿಕ್ಕ ಆ ಗೌರವ ನಮ್ಮ ಮನೆಗಳ ಟ್ರಂಕಿನಲ್ಲಿರುವ ಗೊಂಬೆಗಳಿಗೆ ಇನ್ನೂ ಸಿಕ್ಕಿಲ್ಲ.

ಮೈಸೂರಿನಲ್ಲಿ ಈ ಹುಡುಕಾಟ ತನ್ನ ಕೇಂದ್ರವನ್ನು ಮುಟ್ಟುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆ ವಿಜಯನಗರದ ಮಹಾನವಮಿಯ ಮುಂದುವರಿಕೆ. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯಲ್ಲಿ ಆ ಮಹಾನವಮಿಯ ಚಿತ್ರವೇ ಇದೆ ಎನ್ನಬಹುದು: ಆನೆಗಳ ಸಾಲು, ಕುದುರೆಗಳ ಸಾಲು, ಕಾಲಾಳುಗಳ ಸಾಲು, ನರ್ತಕಿಯರ ಸಾಲು, ಒಂದರ ಮೇಲೊಂದು ಪಟ್ಟಿಯಾಗಿ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಗೋಡೆಗಳಲ್ಲಿ ಅದೇ ಕಲ್ಪನೆ ತೈಲವರ್ಣದಲ್ಲಿ ಬಂದಿದೆ. ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬರೆದ ಆ ದಸರಾ ಮೆರವಣಿಗೆಯಲ್ಲಿ ಅನೇಕ ಮುಖಗಳು ನಿಜವಾದ ವ್ಯಕ್ತಿಗಳವು. ಅರಮನೆಯ ಗೊಂಬೆ ತೊಟ್ಟಿಯಲ್ಲಿ ಆ ಮೆರವಣಿಗೆ ಗೊಂಬೆಗಳಾಗಿ ಇಳಿದಿದೆ, ಅಲ್ಲಿಂದ ಜನರ ಮನೆಯ ಮೆಟ್ಟಿಲುಗಳಿಗೆ ಬಂದಿದೆ. ಇದಲ್ಲದೆ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಪ್ರೇಮಿ. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿಯ ಕೌತುಕನಿಧಿ ಎಂಬ ಭಾಗ ಆಟಗಳಿಗೇ ಮೀಸಲು. ಆನೆ, ಕುದುರೆ, ರಥ, ಕಾಲಾಳುಗಳ ಚದುರಂಗವನ್ನು ಬಿಟ್ಟರೆ ಆಟಿಕೆ ಪಡೆಗೆ ಇನ್ನಾವ ಹಿರಿಯ ಮನೆತನ ಬೇಕು? ಜಗನ್ಮೋಹನ ಅರಮನೆಯ ಕಲಾಶಾಲೆಯಲ್ಲಿರುವ ಫ್ರೆಂಚ್ ಗಡಿಯಾರವೊಂದರಲ್ಲಿ ಗಂಟೆಗೊಮ್ಮೆ ಪುಟ್ಟ ಸೈನಿಕರ ಪಥಸಂಚಲನ ನಡೆಯುವ ಏರ್ಪಾಡಿದೆ. ಇವೆಲ್ಲವನ್ನೂ ಒಟ್ಟಿಗೆ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಯುರೋಪಿನ ಮೇಜಿನ ಮೇಲೆ ಆಟಿಕೆ ಸೈನಿಕರನ್ನು ಹೆಚ್ಚಾಗಿ ಎದುರಾಳಿಯ ಕಡೆಗೆ ಮುಖಮಾಡಿ ನಿಲ್ಲಿಸಿದರು. ಇಲ್ಲಿ ಅವರು ಒಂದೇ ದಿಕ್ಕಿಗೆ, ಆನೆಯ ಹಿಂದೆ ಮುಂದೆ, ದೇವಿಯ ಸೇವೆಗೆ ಹೊರಟಿದ್ದಾರೆ. ನಮ್ಮ ಪುಟ್ಟ ಪಡೆಗೆ ಶತ್ರುವಿಲ್ಲ. ಅದಕ್ಕೆ ನೋಡುವ ಜನರಿದ್ದಾರೆ.

ಆಟಿಕೆ ಸೈನಿಕರು ಮಕ್ಕಳ ಮನಸ್ಸಿನಲ್ಲಿ ಯುದ್ಧದ ಮೋಹವನ್ನು ಬಿತ್ತುತ್ತಾರೆ ಎಂಬುದು ಇಲ್ಲಿ ಏಳುವ ಮೊದಲ ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವಿನ್‌ಸ್ಟನ್ ಚರ್ಚಿಲ್ 1930ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ತನ್ನ ಬಳಿ ಸುಮಾರು 1500 ಆಟಿಕೆ ಸೈನಿಕರಿದ್ದುದನ್ನೂ, ಅವರನ್ನು ನೋಡಿದ ತಂದೆ ಸೈನ್ಯಕ್ಕೆ ಸೇರುವೆಯಾ ಎಂದು ಕೇಳಿದ್ದನ್ನೂ, ತನ್ನ ಬದುಕಿನ ದಿಕ್ಕು ಅಲ್ಲಿಂದ ತಿರುಗಿದ್ದನ್ನೂ ಬರೆದಿದ್ದಾನೆ. ಇದಕ್ಕೆ ಎದುರಾಗಿ ಎಚ್. ಜಿ. ವೆಲ್ಸ್ ಇದ್ದಾನೆ. ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮಗಳನ್ನು ರೂಪಿಸಿದ ಅವನ ‘ಲಿಟ್ಲ್ ವಾರ್ಸ್’ ಪುಸ್ತಕ ಬಂದದ್ದು 1913ರಲ್ಲಿ, ಮಹಾಯುದ್ಧಕ್ಕೆ ಒಂದು ವರ್ಷ ಮೊದಲು. ಆ ಆಟವನ್ನು ಆಡಿದವನಿಗೆ ನಿಜವಾದ ಯುದ್ಧ ಎಂಥ ಮೂರ್ಖತನವೆಂದು ತಿಳಿಯುತ್ತದೆ ಎಂದೇ ಅವನು ಪುಸ್ತಕವನ್ನು ಮುಗಿಸಿದ. ಒಂದೇ ಬಗೆಯ ಗೊಂಬೆ ಒಬ್ಬನನ್ನು ಸೈನ್ಯಕ್ಕೆ ಕಳುಹಿಸಿತು, ಇನ್ನೊಬ್ಬನಲ್ಲಿ ಯುದ್ಧದ ಬಗ್ಗೆ ಹೇಸಿಗೆ ಹುಟ್ಟಿಸಿತು. ಹಾಗಾದರೆ ಫಲವನ್ನು ನಿರ್ಧರಿಸುವುದು ಗೊಂಬೆಯ ಜೊತೆ ಹೇಳುವ ಕಥೆ. ಬೆಳಗಾವಿಯಲ್ಲಿ ದೀಪಾವಳಿಯ ಹೊತ್ತಿಗೆ ಮಕ್ಕಳು ಮನೆಯಂಗಳದಲ್ಲಿ ಕಲ್ಲುಮಣ್ಣಿನ ಕೋಟೆ ಕಟ್ಟಿ ಶಿವಾಜಿಯನ್ನೂ ಅವನ ಮಾವಳೆ ಸೈನಿಕರನ್ನೂ ಅದರ ಮೇಲೆ ಇಡುತ್ತಾರೆ. ಬುರುಜು ಎಲ್ಲಿರಬೇಕು, ನೀರಿನ ಕೊಳ ಏಕೆ ಬೇಕು, ಬಾಗಿಲಿಗೆ ದಾರಿ ಏಕೆ ತಿರುವಿನಲ್ಲಿ ಬರುತ್ತದೆ ಎಂಬುದನ್ನು ಅವರು ಕೈಯಾರೆ ಕಲಿಯುತ್ತಾರೆ. ಆ ಕೋಟೆಯನ್ನು ಅಂಗಳದಿಂದ ತೆಗೆಸಿದರೆ ಜಗತ್ತಿನಲ್ಲಿ ಯುದ್ಧ ಕಡಿಮೆಯಾಗುವುದಿಲ್ಲ. ಮಗುವಿಗೆ ಇತಿಹಾಸ ಕಡಿಮೆಯಾಗುತ್ತದೆ.

ಇದು ಪರದೇಶದ ಶ್ರೀಮಂತರ ಹವ್ಯಾಸ, ನಮಗೇಕೆ ಎಂದು ಕೇಳುವವರೂ ಇದ್ದಾರೆ. ಸೀಸದ ಸಿಪಾಯಿಗಳ ಹರಾಜಿನ ಲೋಕವನ್ನು ಮಾತ್ರ ನೋಡಿದರೆ ಈ ಮಾತು ಸರಿ. ಆದರೆ ಬೇಗೂರಿನ ಕಲ್ಲು, ಹಜಾರರಾಮನ ಗೋಡೆ, ಚನ್ನಪಟ್ಟಣದ ಲೇತ್, ಗೊಂಬೆ ತೊಟ್ಟಿ ಇವು ಯಾವುವೂ ಪರದೇಶದಿಂದ ಬಂದ ಹವ್ಯಾಸದ ಕೂಸುಗಳಲ್ಲ. ಹೊರಗಿನಿಂದ ನಾವು ಕಲಿಯಬೇಕಾದದ್ದು ಸಂಗ್ರಾಹಕನ ಶಿಸ್ತನ್ನು: ತಯಾರಕ ಯಾರು, ವರ್ಷ ಯಾವುದು, ಬಣ್ಣ ಮೂಲದ್ದೋ ಮರುಬಳಿದದ್ದೋ, ಜೊತೆಯವು ಎಲ್ಲಿವೆ ಎಂದು ದಾಖಲಿಸುವ ಶಿಸ್ತು. ಆ ಶಿಸ್ತಿದ್ದರೆ ಐದು ರೂಪಾಯಿಗೆ ಕೊಂಡ ಮಣ್ಣಿನ ಸಿಪಾಯಿಯೂ ಸಂಗ್ರಹ, ಇಲ್ಲದಿದ್ದರೆ ದುಬಾರಿ ಪೆಟ್ಟಿಗೆಯೂ ಬರೀ ಸಾಮಾನು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ನಡೆಸುವ ಬೊಂಬೆ ಮನೆ ದೇಶದ ನಾನಾ ಊರುಗಳ ಗೊಂಬೆಗಳನ್ನು ಆಯಾ ಕುಶಲಕಲೆಯ ಮೂಲದ ಹೆಸರಿನೊಡನೆ ಜನರ ಮುಂದಿಡುತ್ತ ಬಂದಿದೆ. ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ 1965ರಲ್ಲಿ ಗೊಂಬೆಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯ ಕಟ್ಟಿದರು. ಗೊಂಬೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದಕ್ಕೆ ನಮ್ಮಲ್ಲೇ ಮಾದರಿಗಳಿವೆ.

ಮೂರನೆಯ ಆಕ್ಷೇಪ ಭಕ್ತರದು, ಅದು ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುತ್ತದೆ. ಗೊಂಬೆ ಹಬ್ಬ ಆರಾಧನೆ; ಅದನ್ನು ಹವ್ಯಾಸವೆಂದು, ಸಂಗ್ರಹವೆಂದು ಕರೆದು ಪಟ್ಟಿ ಮಾಡತೊಡಗಿದರೆ ಹಬ್ಬದ ಜೀವ ಹೋಗುತ್ತದೆ ಎನ್ನುತ್ತಾರೆ. ಈ ಅಂಜಿಕೆ ಸಹಜವಾದದ್ದೇ. ಆದರೆ ಹಬ್ಬದ ನಡವಳಿಯನ್ನೇ ಗಮನಿಸೋಣ. ಪಟ್ಟದ ಗೊಂಬೆಗಳು ತಾಯಿಯ ಮನೆಯಿಂದ ಮಗಳಿಗೆ ಮದುವೆಯಲ್ಲಿ ಬರುತ್ತವೆ. ಪ್ರತಿ ವರ್ಷ ಒಂದಾದರೂ ಹೊಸ ಗೊಂಬೆಯನ್ನು ಕೊಂಡು ಸೇರಿಸುವ ರೂಢಿ ಎಷ್ಟೋ ಮನೆಗಳಲ್ಲಿದೆ. ಮೆಟ್ಟಿಲುಗಳು ಬೆಸ ಸಂಖ್ಯೆಯಲ್ಲಿರಬೇಕು, ಯಾವ ಗೊಂಬೆ ಯಾವ ಸಾಲಿಗೆ ಎಂಬ ಕ್ರಮವಿದೆ. ಬೀದಿಯ ಮಕ್ಕಳನ್ನು ಕರೆದು ತೋರಿಸಿ, ಬೊಂಬೆ ಬಾಗಿನ ಕೊಟ್ಟು ಕಳುಹಿಸಬೇಕು. ವಂಶದೊಳಗಿನ ಹಸ್ತಾಂತರ, ವರ್ಷವರ್ಷದ ಸೇರ್ಪಡೆ, ಜೋಡಣೆಯ ಕ್ರಮ, ಸಾರ್ವಜನಿಕ ಪ್ರದರ್ಶನ: ಜಗತ್ತಿನ ಯಾವ ಸಂಗ್ರಾಹಕನಾದರೂ ಇದಕ್ಕಿಂತ ಹೆಚ್ಚಿನದನ್ನು ಮಾಡುವುದಿಲ್ಲ. ನಮ್ಮ ಅಜ್ಜಿಯರು ಭಕ್ತಿಯ ಜೊತೆಗೇ ಸಂಗ್ರಾಹಕರೂ ಆಗಿದ್ದರು. ಅವರು ಬಾಯಲ್ಲಿ ಹೇಳುತ್ತಿದ್ದುದನ್ನು ಬರೆದಿಡಲಿಲ್ಲ, ಕೊರತೆ ಅದೊಂದೇ. ಕೂಡುಕುಟುಂಬದಲ್ಲಿ ಬರೆಯುವ ಅಗತ್ಯವೂ ಇರಲಿಲ್ಲ. ಹೇಳುವವರೂ ಕೇಳುವವರೂ ಒಂದೇ ಸೂರಿನಡಿ ಇದ್ದರು. ಕೋಣನಕುಂಟೆಯಂಥ ಬಡಾವಣೆಗಳ ಮನೆಗಳಲ್ಲಿ ಆ ಸ್ಥಿತಿ ಈಗಿಲ್ಲ. ಅಜ್ಜಿ ಊರಿನಲ್ಲಿ, ಮಕ್ಕಳು ಪರದೇಶದಲ್ಲಿ, ಟ್ರಂಕು ಫ್ಲ್ಯಾಟಿನ ಅಟ್ಟದಲ್ಲಿ. ಬಾಯಿಮಾತು ಸಾಗುತ್ತಿದ್ದ ದಾರಿ ಮುಚ್ಚಿದ ಮೇಲೆ ಬರಹ ಹಬ್ಬಕ್ಕೆ ಧಕ್ಕೆಯಲ್ಲ, ಆಸರೆ.

ವ್ಯಾವಹಾರಿಕವಾದ ಎಚ್ಚರಿಕೆಗಳೂ ಇಲ್ಲಿ ಬೇಕು. ಹಳೆಯ ಲೋಹದ ಸಿಪಾಯಿಗಳಲ್ಲಿ ಸೀಸವಿರುವುದರಿಂದ ಅವನ್ನು ಪುಟ್ಟ ಮಕ್ಕಳ ಕೈಗೆ ಕೊಡಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಮಣ್ಣಿನ ಗೊಂಬೆಯ ಬಣ್ಣ ಕಿತ್ತಿದ್ದರೆ ಹೊಸ ಬಣ್ಣ ಬಳಿಯುವ ಅವಸರ ಬೇಡ; ಮಾಸಿದ ಮೂಲ ಬಣ್ಣ ಹೇಳುವ ಕಾಲವನ್ನು ಹೊಸ ಬಣ್ಣ ಹೇಳುವುದಿಲ್ಲ. ಮುರಿದ ಈಟಿಯನ್ನು, ಬೇರ್ಪಟ್ಟ ಕುದುರೆಯ ಕಾಲನ್ನು ಎಸೆಯದೆ ಅದೇ ಗೊಂಬೆಯ ಜೊತೆ ಕಟ್ಟಿಡಬೇಕು. ಜಂಬೂ ಸವಾರಿಯ ಸೆಟ್ಟನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವುದಾದರೆ ಒಡೆಯುವ ಮೊದಲು ಒಟ್ಟಿಗೆ ಒಂದು ಛಾಯಾಚಿತ್ರವನ್ನಾದರೂ ತೆಗೆದಿಡಬೇಕು. ಯಾಕೆಂದರೆ ಈ ಸೈನಿಕರಿಗೆ ಬೆಲೆ ಸಾಲಿನಲ್ಲಿದೆ. ಒಂಟಿಯಾದ ಕಹಳೆಯವನು ಯಾವ ಮೆರವಣಿಗೆಯವನು ಎಂಬುದು ಅವನ ಮುಖದ ಮೇಲೆ ಬರೆದಿರುವುದಿಲ್ಲ.

ಆದ್ದರಿಂದ ಮುಂದಿನ ನವರಾತ್ರಿಗೆ ಟ್ರಂಕು ಇಳಿಸುವ ಪ್ರತಿ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟು. ಗೊಂಬೆಗಳನ್ನು ಮೆಟ್ಟಿಲಿಗೆ ಏರಿಸುವ ಮೊದಲು ಒಂದು ನೋಟ್‌ಬುಕ್ ತೆರೆಯಿರಿ. ಪ್ರತಿ ಗೊಂಬೆಗೂ ಒಂದು ಸಾಲು: ಇದು ಎಲ್ಲಿಯದು, ಯಾರು ಮಾಡಿದ್ದು, ಯಾರು ತಂದದ್ದು, ಯಾವ ವರ್ಷದ್ದು, ಇದರ ಬಗ್ಗೆ ಮನೆಯಲ್ಲಿ ಹೇಳುವ ಕಥೆ ಏನು. ಗೊತ್ತಿರುವಷ್ಟನ್ನು ಬರೆಯಿರಿ, ಗೊತ್ತಿಲ್ಲದ್ದನ್ನು ಹಿರಿಯರಿಗೆ ಫೋನ್ ಮಾಡಿ ಕೇಳಿ. ಹೊಸ ಗೊಂಬೆ ಕೊಳ್ಳುವಾಗ ಚನ್ನಪಟ್ಟಣದಲ್ಲೋ ಕಿನ್ನಾಳದಲ್ಲೋ ಮಾಡಿದವರ ಹೆಸರನ್ನು ಕೇಳಿ ಗುರುತು ಹಾಕಿಕೊಳ್ಳಿ. ಬೇಗೂರಿನ ಕಲ್ಲುಕುಟಿಗ ಗಟ್ಟಿ ಶಿಲೆಯಲ್ಲಿ ಮಾಡಿದ ಕೆಲಸವನ್ನು ನಾವು ಕಾಗದದಲ್ಲಿ ಮಾಡಲು ಒಂದು ಮಧ್ಯಾಹ್ನ ಸಾಕು. ನಮ್ಮ ನಾಡಿನ ಪುಟ್ಟ ಪಡೆಯ ಚರಿತ್ರೆ ಬರೆಯಬೇಕಾದವರು ಎಲ್ಲೋ ಇರುವ ವಿದ್ವಾಂಸರಲ್ಲ, ಅದನ್ನು ಇಷ್ಟು ತಲೆಮಾರು ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡು ಬಂದ ಮನೆಯವರು.